ಆರೋಗ್ಯದ ವಿಷಯದಲ್ಲಿ ಆಪ್ತರಾರು?

ಹುಣ್ಣಿಮೆಯ ದಿನ ಉಚ್ಚಂಗಿದುರ್ಗದ ಬೆಟ್ಟವನ್ನೇರಿ ಬರುವ ಭಕ್ತಜನರು ನಡುದಾರಿಯ ಮೆಟ್ಟಿಲುಗಳ ಮೇಲೆ ದಣಿವಾರಿಸಿಕೊಳ್ಳುತ್ತ ಕುಳಿತಾಗ, ಅವರಾಡುವ ಮಾತುಗಳಿಗೆ ಕಿವಿಗೊಡುವುದು ನನಗೆ ಬಹುಕಾಲದ ರೂಢಿ. ಹಿಂದೆ ಮಳೆ, ಬೆಳೆ, ಮದುವೆ, ವ್ಯಾಜ್ಯ ಇವೇ ಅವರ ಮಾತಿನ ವಿಷಯಗಳಾಗಿದ್ದುವು. ಈಗ ಕೆಲವು ವರ್ಷಗಳಿಂದ ಮಾತು ಬೇರೆಯಾಗಿದೆ. ಒಬ್ಬರು ಮಂಡಿನೋವೆಂದು ನಿಟ್ಟುಸಿರಿಟ್ಟರೆ ಸಾಕು. ಪಕ್ಕದಲ್ಲಿದ್ದವರು ಕೂಡಲೆ ಜೇಬಿನಿಂದಲೋ ಸೆರಗಿನ ಗಂಟಿನಿಂದಲೋ ಫೋನನ್ನು ಹೊರತೆಗೆದು, “ಇಲ್ಲಿ ನೋಡ್ರಿ, ಇದರಾಗ ಬಂದೈತಿ” ಎನ್ನುವರು. ಆ ಮಾತಿಗೆ ಎದುರುಮಾತಿಲ್ಲ.

ನಲವತ್ತು ವರ್ಷಗಳ ಸಮೀಪ ವ್ಯಾಕರಣವನ್ನು ಪಾಠ ಹೇಳಿದವನಾದುದರಿಂದ ಆ ವಾಕ್ಯವನ್ನು ನಾನು ಹಲವು ಸಲ ಮನಸ್ಸಿನಲ್ಲಿಯೇ ಅನ್ವಯಿಸಿ ನೋಡಿದ್ದೇನೆ. “ಬಂದೈತಿ” ಎಂಬುದು ಕ್ರಿಯೆ; “ಇದರಾಗ” ಎಂಬುದು ಅಧಿಕರಣ. ಹೇಳಿದವನು ಯಾರು? ಆ ಪದಕ್ಕೆ ವಾಕ್ಯದಲ್ಲಿ ಸ್ಥಾನವೇ ಇಲ್ಲ. ಪುರುಷಕರ್ತೃವಿಲ್ಲದ ವಾಕ್ಯಕ್ಕೆ ಪ್ರಾಮಾಣ್ಯವನ್ನು ಒಪ್ಪಿದವರು ಮೀಮಾಂಸಕರು. ಅವರಾದರೂ ಆ ಗೌರವವನ್ನು ವೇದವೊಂದಕ್ಕೇ ಸಲ್ಲಿಸಿ ನಿಲ್ಲಿಸಿದರು. ನಾವು ಅದನ್ನು ಅಂಗೈಯೊಳಗಣ ಫೋನಿಗೂ ಸಲ್ಲಿಸಿಬಿಟ್ಟಿದ್ದೇವೆ. ಅಪೌರುಷೇಯವಾದ ಮಂಡಿನೋವಿನ ಎಣ್ಣೆ, ಅಪೌರುಷೇಯವಾದ ಸಕ್ಕರೆ ಕಾಯಿಲೆಯ ಕಷಾಯ! ನಗುವ ಮಾತಲ್ಲ. ಈ ನಂಬಿಕೆಯ ಬೆಲೆಯನ್ನು ನಮ್ಮ ಮನೆಯಲ್ಲಿಯೇ ತೆತ್ತಿದ್ದೇವೆ. ಆ ಸಾಲವನ್ನು ಬರೆಯಿಸಿದವನು ನಾನೇ. ಆದುದರಿಂದ ಇತರರ ತಪ್ಪನ್ನೆಣಿಸುವ ಮೊದಲು ನನ್ನದನ್ನು ಹೇಳಿಬಿಡುವುದು ನ್ಯಾಯ.

ಮೂರು ವರ್ಷಗಳ ಹಿಂದೆ ನಮ್ಮ ಬಳಗದವರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಒಂದು ಸಂದೇಶ ಬಂದಿತು. ಕೆಲವು ಸೊಪ್ಪು ಬೇರುಗಳ ಕಷಾಯವನ್ನು ಇಪ್ಪತ್ತೊಂದು ದಿನ ಕುಡಿದರೆ ಸಕ್ಕರೆ ಕಾಯಿಲೆ ಬೇರುಸಹಿತ ಹೋಗುವುದೆಂದೂ, ಅನಂತರ ಗುಳಿಗೆಯ ಹಂಗೇ ಇಲ್ಲವೆಂದೂ, ಔಷಧದ ಕಂಪೆನಿಗಳು ಈ ರಹಸ್ಯವನ್ನು ಮುಚ್ಚಿಟ್ಟಿವೆಯೆಂದೂ ಅದರಲ್ಲಿತ್ತು. ತಲೆಯ ಮೇಲೆ ಕಿರೀಟವಿಟ್ಟಂತೆ ಒಂದು ಸಂಸ್ಕೃತ ಶ್ಲೋಕವಿತ್ತು. ಶ್ಲೋಕದ ಒಂದು ಪಾದದಲ್ಲಿ ಏಳೇ ಅಕ್ಷರ. ವಿಶೇಷಣವು ವಿಶೇಷ್ಯದ ಲಿಂಗವನ್ನು ಅನುಸರಿಸಿರಲಿಲ್ಲ. ಪಾಠಶಾಲೆಯಲ್ಲಿ ಕಲಿತ ಕೈ ಸುಮ್ಮನಿರಲೊಲ್ಲದು. ಎರಡು ಕಡೆ ತಿದ್ದಿ, “ಈಗ ಶ್ಲೋಕವು ಶುದ್ಧವಾಗಿದೆ” ಎಂದು ಬರೆದು, ಅದೇ ಗುಂಪಿಗೆ ಹಿಂದಿರುಗಿಸಿ, ವಿದ್ಯೆಯನ್ನು ಮೆರೆದ ಸಂತೋಷದಲ್ಲಿ ಊಟಕ್ಕೆದ್ದೆ. ಕಷಾಯದ ಗುಣವನ್ನು ನಾನು ವಿಚಾರಿಸಲಿಲ್ಲ. ಅದು ನನ್ನ ವಿಷಯವಲ್ಲವೆಂದು ನನ್ನ ಎಣಿಕೆಯಾಗಿತ್ತು.

ಕೊಟ್ಟೂರಿನಲ್ಲಿರುವ ನನ್ನ ಅಕ್ಕ ಅದನ್ನು ಓದಿದಳು. ಹನ್ನೆರಡು ವರ್ಷಗಳಿಂದ ಸಕ್ಕರೆ ಕಾಯಿಲೆಗೆ ಗುಳಿಗೆ ನುಂಗುತ್ತಿದ್ದವಳು ಅಂದಿನಿಂದ ಬಿಟ್ಟಳು. ಯಾರಿಗೂ ಹೇಳಲಿಲ್ಲ, ವಾಸಿಯಾದ ಮೇಲೆ ಹೇಳೋಣವೆಂದಿದ್ದಳಂತೆ. ಮೂರನೆಯ ತಿಂಗಳಿನಲ್ಲಿ ಹೊಸ್ತಿಲು ಎಡವಿ ಕಾಲ್ಬೆರಳಿಗೆ ಗಾಯವಾಯಿತು. ರಕ್ತದಲ್ಲಿ ಸಕ್ಕರೆಯು ಬಹುದಿನ ಮೇಲೆಯೇ ಇದ್ದರೆ ಪಾದದ ನರಗಳು ಜೋಮುಹಿಡಿದು ನೋವೇ ತಿಳಿಯದು. ರಕ್ತದ ಹರಿವು ಕುಗ್ಗಿ ಗಾಯವೂ ಮಾಯದು. ಹಾಗೆಯೇ ಆಯಿತು. ದಾವಣಗೆರೆಗೆ ಕರೆದೊಯ್ದಾಗ ಹೊತ್ತು ಮೀರಿತ್ತು. ಎರಡು ಬೆರಳುಗಳನ್ನು ತೆಗೆಯಬೇಕಾಯಿತು. ಆಸ್ಪತ್ರೆಯ ಮಂಚದ ಬಳಿ ನಿಂತು, “ಅಕ್ಕಾ, ಗುಳಿಗೆಯನ್ನು ಏಕೆ ಬಿಟ್ಟೆ?” ಎಂದು ಕೇಳಿದೆ. ಅವಳು ನನ್ನ ಮುಖವನ್ನು ನೋಡಿ, “ನೀನ ಶುದ್ಧ ಐತಿ ಅಂತ ಬರೆದಿದ್ದೆಲ್ಲಪ್ಪ ತಮ್ಮಾ” ಎಂದಳು. ಆ ಮಾತಿನಲ್ಲಿ ಆಕ್ಷೇಪವಿರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು.

ಈ ಸಂಗತಿಯನ್ನು ಬಲ್ಲ ಮಿತ್ರರು ನನ್ನನ್ನು ಸಮಾಧಾನಪಡಿಸಲೆಂದು ಹೇಳಿದ ಮಾತುಗಳು ಮೂರು ಬಗೆಯವು. ಮೂರೂ ನಮ್ಮ ಸುಶಿಕ್ಷಿತ ಮನೆಗಳಲ್ಲಿ ಬಹುವಾಗಿ ಸಲ್ಲುತ್ತಿರುವ ಮಾತುಗಳೇ. ಮೂರೂ ತಪ್ಪೆಂದು ನನ್ನ ಮತ. ಶಾಸ್ತ್ರಪದ್ಧತಿಯಂತೆ ಅವನ್ನು ಪೂರ್ವಪಕ್ಷವಾಗಿಟ್ಟು ಒಂದೊಂದಾಗಿ ಪರೀಕ್ಷಿಸುವೆನು.

ಮೊದಲನೆಯ ಪಕ್ಷವಿದು: “ಇದೆಲ್ಲ ಓದುಬರಹ ಬಾರದ ಜನರ ಮೌಢ್ಯ, ವಿದ್ಯೆ ಹರಡಿದರೆ ತಾನಾಗಿ ಹೋಗುವುದು.” ಅನುಭವವು ಇದಕ್ಕೆ ವಿರುದ್ಧವಾಗಿದೆ. 2017ರ ಫೆಬ್ರವರಿಯಲ್ಲಿ ದಡಾರ ಮತ್ತು ರುಬೆಲ್ಲಾ ಲಸಿಕೆಯ ಅಭಿಯಾನವನ್ನು ದೇಶದಲ್ಲಿ ಮೊದಲಾಗಿ ಕೈಕೊಂಡ ರಾಜ್ಯಗಳಲ್ಲಿ ನಮ್ಮ ಕರ್ನಾಟಕವೂ ಒಂದು. ಒಂಬತ್ತು ತಿಂಗಳಿಂದ ಹದಿನೈದು ವರ್ಷದೊಳಗಿನ ಮಕ್ಕಳಿಗೆ ಅದನ್ನು ಕೊಡಬೇಕಾಗಿತ್ತು. ರುಬೆಲ್ಲಾ ಎಂಬುದು ಮಕ್ಕಳಿಗೆ ಅಲ್ಪವಾದ ಜ್ವರವಾಗಿ ಬಂದು ಹೋಗುವುದಾದರೂ, ಗರ್ಭಿಣಿಗೆ ತಗುಲಿದರೆ ಹುಟ್ಟುವ ಕೂಸಿನ ಕಣ್ಣು, ಕಿವಿ, ಹೃದಯಗಳನ್ನು ಕೆಡಿಸಬಲ್ಲುದು. ಅಂಥ ಲಸಿಕೆಯನ್ನು ಕುರಿತು ಆಗ ಫೋನಿನಿಂದ ಫೋನಿಗೆ ಭಯದ ಸಂದೇಶಗಳು ಹಾರಾಡಿದುವು. ನಾನಿನ್ನೂ ಸೇವೆಯಲ್ಲಿದ್ದೆ. ಲಸಿಕೆಯ ದಿನ ನನ್ನ ತರಗತಿಯಲ್ಲಿ ಕೆಲವು ಹಲಗೆಗಳು ಬರಿದಾಗಿದ್ದುವು. ವಿಚಾರಿಸಲಾಗಿ, ಮಕ್ಕಳನ್ನು ಮನೆಯಲ್ಲಿರಿಸಿಕೊಂಡವರಲ್ಲಿ ಕೂಲಿಯವರಿಗಿಂತ ನೌಕರಿಯವರೇ ಹೆಚ್ಚಾಗಿದ್ದರು. ಕೂಲಿಯವರ ಮಕ್ಕಳು ಬಂದಿದ್ದುವು. ಏಕೆಂದರೆ ಹಿಂದಿನ ದಿನ ಅವರ ಓಣಿಯ ಆಶಾ ಕಾರ್ಯಕರ್ತೆ ಬಾಗಿಲಿಗೆ ಹೋಗಿ, “ನನ್ನ ಮಗಳಿಗೂ ಹಾಕಸ್ತೀನಿ, ಕಳಸ್ರಿ” ಎಂದು ಹೇಳಿದ್ದಳು. ಅವರಿಗೆ ಹೇಳಿದವಳು ಯಾರೆಂಬುದು ಗೊತ್ತಿತ್ತು. ನಮ್ಮವರಿಗೆ “ಇದರಲ್ಲಿ ಬಂದಿದೆ” ಎಂಬುದಷ್ಟೇ ಗೊತ್ತಿತ್ತು. ಈ ಇಬ್ಬರಲ್ಲಿ ವಿದ್ಯಾವಂತರಾರು?

ಇನ್ನೊಂದು ಉದಾಹರಣೆ. 2021ರ ಏಪ್ರಿಲ್‌ನಲ್ಲಿ ಕೊರೋನಾ ಜ್ವರದ ಎರಡನೆಯ ಅಲೆಯು ನಾಡನ್ನು ನಡುಗಿಸುತ್ತಿದ್ದಾಗ, ಮೂಗಿಗೆ ನಿಂಬೆರಸದ ಹನಿಗಳನ್ನು ಬಿಟ್ಟುಕೊಂಡರೆ ಪ್ರಾಣವಾಯು ಹೆಚ್ಚುವುದೆಂದು ನಮ್ಮ ರಾಜ್ಯದ ಒಬ್ಬ ಮಾಜಿ ಸಂಸದರು ಹೇಳಿದ ಮಾತು ದೃಶ್ಯರೂಪದಲ್ಲಿ ಮನೆಮನೆಗೆ ಹರಿಯಿತು. ಕೇಂದ್ರ ಸರ್ಕಾರದ ವಾರ್ತಾ ಶಾಖೆಯು ಅದಕ್ಕೆ ಆಧಾರವಿಲ್ಲವೆಂದು ಪ್ರಕಟಿಸಿತು. ಅಷ್ಟರಲ್ಲಿ ರಾಯಚೂರು ಜಿಲ್ಲೆಯ ಸಿಂಧನೂರಿನಲ್ಲಿ ಹಾಗೆ ಮಾಡಿಕೊಂಡ ಒಬ್ಬರು ತೀರಿಕೊಂಡರೆಂದು ಪತ್ರಿಕೆಗಳು ವರದಿಮಾಡಿದುವು. ಮರಣದ ಕಾರಣವನ್ನು ನಿರ್ಣಯಿಸುವುದು ವೈದ್ಯರ ಕೆಲಸ. ನಾನು ಎತ್ತಿ ತೋರಿಸುವುದು ಒಂದೇ ಸಂಗತಿ: ಹಾಗೆ ತೀರಿಕೊಂಡವರು ಒಬ್ಬ ಶಾಲಾ ಉಪಾಧ್ಯಾಯರು. ಅಕ್ಷರಜ್ಞಾನವು ಅವರನ್ನು ಕಾಯಲಿಲ್ಲ. ನನ್ನ ವ್ಯಾಕರಣಜ್ಞಾನವು ಅಕ್ಕನನ್ನು ಕಾಯದುದು ಮಾತ್ರವಲ್ಲ, ಕೊಂಡೊಯ್ದು ಹಳ್ಳಕ್ಕೆ ತಳ್ಳಿತು. ಹೆಬ್ಬೆಟ್ಟಿನವನು ತಾನೊಬ್ಬನೇ ಕೆಡುವನು. ಓದಿದವನು ತಾನು ಕೆಟ್ಟು, ತನ್ನ ಮಾತಿಗೆ ಬೆಲೆಕೊಡುವ ನೂರು ಜನರನ್ನೂ ಕೆಡಿಸುವನು. ಆದುದರಿಂದ ದೋಷವನ್ನು ಮೂಢರ ಮೇಲೆ ಹೊರಿಸಿ ನಾವು ಕೈತೊಳೆದುಕೊಳ್ಳುವುದು ಸಲ್ಲದು.

ಎರಡನೆಯ ಪಕ್ಷವು ಹೆಚ್ಚು ಗಂಭೀರವಾದುದು. “ರೋಗದ ವಿಷಯವನ್ನು ಫೋನಿನಲ್ಲಿ ಹುಡುಕುವುದೇ ತಪ್ಪು, ವೈದ್ಯರನ್ನು ಕೇಳಿದರೆ ತೀರಿತು, ಸಾಮಾನ್ಯರಿಗೆ ಆ ಜ್ಞಾನದಿಂದ ಏನಾಗಬೇಕು?” ಎಂದು ಹಲವು ಗೌರವಸ್ಥರ ವಾದ. ವೈದ್ಯರನ್ನು ಕೇಳಬೇಕೆಂಬುದರಲ್ಲಿ ನನ್ನ ವಿವಾದವಿಲ್ಲ. ಆದರೆ ಚಿಕಿತ್ಸೆಗೆ ಪಾದಗಳು ನಾಲ್ಕೆಂದು ಚರಕಾಚಾರ್ಯರು ಹೇಳುವರು: ವೈದ್ಯ, ಔಷಧ, ಉಪಚಾರಕ, ರೋಗಿ. ರೋಗಿಗೂ ಅಲ್ಲಿ ಕೆಲವು ಗುಣಗಳನ್ನು ವಿಧಿಸಿದ್ದಾರೆ. ಹೇಳಿದ್ದನ್ನು ನೆನಪಿನಲ್ಲಿಡಬೇಕು, ಹೇಳಿದಂತೆ ನಡೆಯಬೇಕು, ಅಂಜಬಾರದು, ತನ್ನ ಸ್ಥಿತಿಯನ್ನು ವೈದ್ಯನಿಗೆ ತಿಳಿಯಹೇಳಬಲ್ಲವನಾಗಿರಬೇಕು. ಏನೂ ಅರಿಯದವನು ಏನನ್ನು ನೆನಪಿಡುವನು, ಏನನ್ನು ತಿಳಿಯಹೇಳುವನು? ಚಿಕಿತ್ಸೆಯ ನಾಲ್ಕನೆಯ ಕಾಲನ್ನು ಮುರಿದು, ಮಂಚ ನೆಟ್ಟಗೆ ನಿಲ್ಲಲಿಲ್ಲವೆಂದು ದೂರುವುದು ಯಾವ ನ್ಯಾಯ?

ಈಗ ನಿಜಸ್ಥಿತಿಯನ್ನು ನೋಡಿರಿ. ಹಳ್ಳಿಯಿಂದ ಬೆಳಗಿನ ಬಸ್ಸಿಗೆ ಹೊರಟು ಹರಪನಹಳ್ಳಿಗೋ ದಾವಣಗೆರೆಗೋ ಹೋದ ರೋಗಿಯು ಮಧ್ಯಾಹ್ನದವರೆಗೆ ಸಾಲಿನಲ್ಲಿ ಕುಳಿತು ವೈದ್ಯರನ್ನು ಕಾಣುವುದು ನಾಲ್ಕು ನಿಮಿಷ. ವೈದ್ಯರೇನು ಮಾಡಿಯಾರು, ಅವರ ಹಿಂದೆ ಎಂಬತ್ತು ಜನರು ನಿಂತಿರುವರು. ಅವರು ಬರೆದುಕೊಡುವ ಚೀಟಿ ಇಂಗ್ಲಿಷಿನಲ್ಲಿ. ರಕ್ತಪರೀಕ್ಷೆಯ ಫಲ ಇಂಗ್ಲಿಷಿನಲ್ಲಿ. ಔಷಧದ ಪೆಟ್ಟಿಗೆಯೊಳಗೆ ಇರುವೆಸಾಲಿನಂಥ ಅಕ್ಷರಗಳ ಕಾಗದ, ಅದೂ ಇಂಗ್ಲಿಷಿನಲ್ಲಿ. ಆಸ್ಪತ್ರೆಯಿಂದ ಬಿಡುಗಡೆಯಾಗುವಾಗ ಕೊಡುವ ಸಾರಾಂಶವೂ ಇಂಗ್ಲಿಷಿನಲ್ಲಿ. ಸಂಜೆಗೆ ಮನೆಗೆ ಬಂದ ರೋಗಿಯ ಮನಸ್ಸಿನಲ್ಲಿ ಹತ್ತು ಪ್ರಶ್ನೆಗಳೇಳುವುವು. ಈ ಗುಳಿಗೆ ಎಷ್ಟು ದಿನ? ಊಟಕ್ಕೆ ಮೊದಲೋ ಅನಂತರವೋ? ಒಂದು ದಿನ ತಪ್ಪಿದರೆ? ವಾಸಿಯಾದರೆ ಬಿಡಬಹುದೆ? ಆಗ ಅವನೊಡನೆ ಅವನ ಮಾತಿನಲ್ಲಿ, ಅವನ ಬಿಡುವಿನಲ್ಲಿ, ಬೇಸರಿಸದೆ ಮಾತಾಡುವುದು ಫೋನೊಂದೇ. ಅವನು ಅದರ ಬಳಿಗೆ ಹೋಗುವುದು ಮೌಢ್ಯದಿಂದಲ್ಲ, ಗತಿಯಿಲ್ಲದೆ.

ನನ್ನ ಅಕ್ಕನಿಗೆ ಹನ್ನೆರಡು ವರ್ಷಗಳಲ್ಲಿ ಗುಳಿಗೆಯನ್ನು ಬರೆದುಕೊಟ್ಟವರು ಹಲವರು. ಆ ಗುಳಿಗೆಯು ರೋಗವನ್ನು ಕೀಳುವುದಲ್ಲ, ಸಕ್ಕರೆಯನ್ನು ಹದ್ದಿನಲ್ಲಿ ಹಿಡಿದಿಡುವುದು, ಬಿಟ್ಟರೆ ಸಕ್ಕರೆ ಮತ್ತೆ ಏರುವುದು ಎಂಬ ಒಂದು ಮಾತನ್ನು ಅವಳಿಗೆ ತಿಳಿಯುವಂತೆ ಹೇಳಿದವರು ಯಾರೂ ಇರಲಿಲ್ಲ. ಬೆರಳುಗಳು ಹೋದ ಮೇಲೆ ಆಸ್ಪತ್ರೆಯಲ್ಲಿ ಗಾಯ ತೊಳೆಯುತ್ತಿದ್ದ ಒಬ್ಬ ಎಳೆಯ ದಾದಿ ಹೇಳಿದಳು: “ಗುಳಿಗೆ ಅಂದ್ರೆ ಕೆರೆ ಏರಿ ಇದ್ದಂಗೆ, ಏರಿ ಒಡೆದ್ರೆ ನೀರು ನಿಲ್ತೈತೇನಜ್ಜಿ?” ಅಷ್ಟೇ. ಆ ಹುಡುಗಿಗೆ ಎಷ್ಟು ಸಂಬಳವಿತ್ತೋ ಅರಿಯೆ. ಹನ್ನೆರಡು ವರ್ಷಗಳ ಚೀಟಿಗಳು ಮಾಡದ ಕೆಲಸವನ್ನು ಅವಳ ಒಂದು ವಾಕ್ಯವು ಮಾಡಿತು. ಅಕ್ಕ ಅಂದಿನಿಂದ ಒಂದು ಹೊತ್ತಿನ ಗುಳಿಗೆಯನ್ನೂ ತಪ್ಪಿಸಿಲ್ಲ. ಆಧುನಿಕ ವೈದ್ಯವನ್ನು ಕನ್ನಡದಲ್ಲಿ ಹೇಳಲು ಶಬ್ದಗಳಿಲ್ಲವೆನ್ನುವ ಪಂಡಿತರು ಆ ದಾದಿಯ ಬಳಿ ಕೆಲವು ದಿನ ಪಾಠಕ್ಕೆ ಕುಳಿತುಕೊಳ್ಳುವುದು ಒಳ್ಳೆಯದು.

ಮೂರನೆಯ ಪಕ್ಷವು ನನ್ನಂಥವರದೇ. “ನಮ್ಮ ಪ್ರಾಚೀನರು ಎಲ್ಲವನ್ನೂ ಹೇಳಿದ್ದಾರೆ, ಫೋನಿನಲ್ಲಿ ಬರುವುದೂ ಅವರ ಮಾತೇ ಆಗಿದ್ದರೆ ನಂಬಲು ಅಡ್ಡಿಯೇನು?” ಎಂಬುದು. ಪ್ರಾಚೀನರ ಮೇಲೆ ನನಗಿರುವ ಭಕ್ತಿ ಯಾರಿಗೂ ಕಡಿಮೆಯದಲ್ಲ. ಆ ಭಕ್ತಿಯಿಂದಲೇ ಕೇಳುತ್ತೇನೆ: ಪ್ರಾಚೀನರು ತಮ್ಮನ್ನು ಹೀಗೆ ನಂಬಬೇಕೆಂದು ಎಲ್ಲಿ ಹೇಳಿದ್ದಾರೆ? ಗೊತ್ತಿಲ್ಲದ ಔಷಧವು ವಿಷದಂತೆ, ಶಸ್ತ್ರದಂತೆ, ಬೆಂಕಿಯಂತೆ, ಸಿಡಿಲಿನಂತೆ. ಚೆನ್ನಾಗಿ ತಿಳಿದ ಔಷಧವು ಅಮೃತದಂತೆ ಎಂದವರು ಚರಕರೇ. ಪ್ರಾಣವನ್ನು ಕಾಯುವ ವೈದ್ಯರು ಬೇರೆ, ರೋಗವನ್ನು ಬೆಳೆಸುವ ವೇಷಧಾರಿಗಳು ಬೇರೆ ಎಂದು ಎರಡು ವರ್ಗಗಳನ್ನು ಮಾಡಿ, ಎರಡನೆಯವರ ಲಕ್ಷಣವನ್ನು ಅವರು ವಿವರಿಸಿದ್ದಾರೆ. ಯಾರಿಗೋ ರೋಗವೆಂದು ಕಿವಿಗೆ ಬಿದ್ದೊಡನೆ ಧಾವಿಸುವರು; ತಮ್ಮ ಹೆಗ್ಗಳಿಕೆಯನ್ನು ಗಟ್ಟಿಯಾಗಿ ಸಾರುವರು; ನೋಡುತ್ತಿರುವ ವೈದ್ಯನಲ್ಲಿ ದೋಷಗಳನ್ನು ಎಣಿಸುವರು; ರೋಗಿಯು ಕೆಟ್ಟರೆ ತಪ್ಪನ್ನು ಅವನ ಮೇಲೆಯೇ ಹಾಕುವರು. ಸಹಸ್ರಾರು ವರ್ಷಗಳ ಹಿಂದಿನ ಆ ವರ್ಣನೆಯನ್ನು ಓದಿ ಈಗಿನ ಒಂದು ಸಂದೇಶವನ್ನು ಪಕ್ಕದಲ್ಲಿಟ್ಟು ನೋಡಿರಿ, ಅಕ್ಷರ ವ್ಯತ್ಯಾಸವಿಲ್ಲ.

ಇನ್ನು ಆಪ್ತನೆಂದರೆ ಯಾರು? ನ್ಯಾಯಶಾಸ್ತ್ರವು ಶಬ್ದವನ್ನು ಪ್ರಮಾಣವೆಂದು ಒಪ್ಪುವುದು ನಿಜ. ಆದರೆ ಯಾರ ಶಬ್ದವನ್ನಾದರೂ ಅಲ್ಲ, ಆಪ್ತನ ಶಬ್ದವನ್ನು. ವಾತ್ಸ್ಯಾಯನರ ಭಾಷ್ಯದ ತಾತ್ಪರ್ಯವಿಷ್ಟು: ವಸ್ತುವನ್ನು ತಾನು ಸಾಕ್ಷಾತ್ತಾಗಿ ಕಂಡವನು, ಕಂಡುದನ್ನು ಕಂಡಂತೆಯೇ ಹೇಳಬೇಕೆಂಬ ಇಚ್ಛೆಯುಳ್ಳವನು ಆಪ್ತನು, ಈ ಲಕ್ಷಣವು ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನವು. ನಮ್ಮವನೋ ಪರಕೀಯನೋ, ಹಳಬನೋ ಹೊಸಬನೋ ಎಂಬ ಪ್ರಶ್ನೆಯನ್ನೇ ಆ ಮಹಾನುಭಾವರು ತೆಗೆದುಹಾಕಿದರು. ಮಧುಮೇಹವನ್ನು ನಮ್ಮ ಪ್ರಾಚೀನರು ಗುರುತಿಸಿ ವರ್ಣಿಸಿದ್ದರು. ಅದು ನಮಗೆ ಹೆಮ್ಮೆ. ಆದರೆ ಇನ್ಸುಲಿನ್ ಎಂಬ ಮದ್ದು ಕೆನಡಾ ದೇಶದ ಟೊರಾಂಟೊ ನಗರದಲ್ಲಿ ಸಿದ್ಧವಾಯಿತು. 1922ರ ಜನವರಿಯಲ್ಲಿ ಸಾವಿನಂಚಿನಲ್ಲಿದ್ದ ಹದಿನಾಲ್ಕು ವರ್ಷದ ಬಾಲಕನಿಗೆ ಅದನ್ನು ಮೊದಲು ಚುಚ್ಚಿದಾಗ ನೆಟ್ಟಗೆ ಫಲಿಸಲಿಲ್ಲ. ಇನ್ನಷ್ಟು ಶೋಧಿಸಿ ಹನ್ನೆರಡು ದಿನಗಳ ಮೇಲೆ ಕೊಟ್ಟಾಗ ಫಲಿಸಿತು. ಫಲಿಸದುದನ್ನೂ ಫಲಿಸಿದುದನ್ನೂ ಇತಿಹಾಸವು ಬರೆದಿಟ್ಟಿದೆ. ಅದರ ಹಕ್ಕನ್ನು ಶೋಧಕರು ಹೆಸರಿಗೆ ಒಂದೊಂದು ಡಾಲರ್ ಪಡೆದು ವಿಶ್ವವಿದ್ಯಾಲಯಕ್ಕೆ ಬಿಟ್ಟುಕೊಟ್ಟರು. ಇವರು ಆಪ್ತರಲ್ಲವಾದರೆ ಮತ್ತಾರು? ತಾನು ಸೋತ ಸಂಗತಿಯನ್ನೂ ಹೇಳುವವನು ಆಪ್ತ. “ಎಲ್ಲರಿಗೂ ಎಲ್ಲ ರೋಗಕ್ಕೂ ನೂರಕ್ಕೆ ನೂರು” ಎನ್ನುವವನು ವ್ಯಾಪಾರಿ.

ವ್ಯಾಪಾರಿಯೆಂದಾಗ ಒಂದು ಕಾನೂನನ್ನು ವಾಚಕರು ನೆನಪಿನಲ್ಲಿಡಬೇಕು. 1954ರಲ್ಲಿ ನಮ್ಮ ಪಾರ್ಲಿಮೆಂಟು ಔಷಧಗಳನ್ನೂ ಮಾಂತ್ರಿಕ ಚಿಕಿತ್ಸೆಗಳನ್ನೂ ಕುರಿತ ಆಕ್ಷೇಪಾರ್ಹ ಜಾಹೀರಾತುಗಳ ನಿಷೇಧಕ್ಕೆ ಒಂದು ಶಾಸನವನ್ನು ಮಾಡಿತು. ಸಕ್ಕರೆ ಕಾಯಿಲೆ, ಅರ್ಬುದ, ರಕ್ತದೊತ್ತಡ, ಅಪಸ್ಮಾರ ಮುಂತಾದ ಗೊತ್ತುಪಡಿಸಿದ ರೋಗಗಳನ್ನು ವಾಸಿಮಾಡುವೆವೆಂದು ಜಾಹೀರು ಮಾಡುವುದು ಅದರಂತೆ ಅಪರಾಧ. ಹಾಗಿದ್ದೂ ಆ ಜಾಹೀರಾತುಗಳು ನಿಂತಿಲ್ಲ. 2024ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟಿನ ಮುಂದಿದ್ದ ಪ್ರಕರಣದ ಫಲವಾಗಿ ಹರಿದ್ವಾರದ ಪತಂಜಲಿ ಸಂಸ್ಥೆಯವರು ದಾರಿತಪ್ಪಿಸುವ ಜಾಹೀರಾತುಗಳಿಗಾಗಿ ಪತ್ರಿಕೆಗಳಲ್ಲಿ ಕ್ಷಮಾಪಣೆಯನ್ನು ಅಚ್ಚುಹಾಕಿಸಬೇಕಾಯಿತು. ಶಬ್ದಶುದ್ಧಿಗಾಗಿ ಮಹಾಭಾಷ್ಯವನ್ನು ರಚಿಸಿದ ಮುನಿಯ ಹೆಸರು ಹೀಗೆ ನ್ಯಾಯಾಲಯವನ್ನು ಹತ್ತಬೇಕಾಯಿತಲ್ಲ ಎಂದು ಪತ್ರಿಕೆಯನ್ನು ಹಿಡಿದುಕೊಂಡು ನಾನು ಮರುಗಿದೆ. ಆದರೆ ದೊಡ್ಡ ಸಂಸ್ಥೆಗಾದರೆ ವಿಳಾಸವಿದೆ, ನೋಟೀಸು ತಲುಪುವುದು. ಹೆಸರಿಲ್ಲದ ಸಂದೇಶಕ್ಕೆ ನೋಟೀಸನ್ನು ಯಾರಿಗೆ ಕಳುಹಿಸುವುದು? ನ್ಯಾಯಾಲಯಕ್ಕೆ ನಿಲುಕದ ಆ ಜಾಗದಲ್ಲಿ ನ್ಯಾಯಾಧೀಶರು ನಾವೇ ಆಗಬೇಕಾಗಿದೆ.

ಹಾಗಾದರೆ ಸಿದ್ಧಾಂತವೇನು? ದೋಷವು ಫೋನಿನದಲ್ಲ, ಓದದವರದೂ ಅಲ್ಲ. ನಂಬತಕ್ಕ ಆರೋಗ್ಯಜ್ಞಾನವನ್ನು ಕನ್ನಡಕ್ಕೆ ತರದೆ ಇಂಗ್ಲಿಷಿನ ಉಗ್ರಾಣದಲ್ಲಿ ಬೀಗಹಾಕಿಟ್ಟ ಬಲ್ಲವರದು, ಮತ್ತು ತಮ್ಮ ಮಾತಿನ ಭಾರವನ್ನು ಅರಿಯದೆ ಸುಳ್ಳಿಗೆ ಮುದ್ರೆಯೊತ್ತುವ ನನ್ನಂಥ ಓದಿದವರದು. ಬಾವಿಯನ್ನು ತೋಡಿಸದೆ ಇದ್ದವರು, ಜನರು ಕೊಳೆನೀರು ಕುಡಿದರೆಂದು ಬೈಯಬಾರದು.

ಕನ್ನಡಕ್ಕೆ ಈ ಕಾರ್ಯವು ಹೊಸತೆ? ಉಚ್ಚಂಗಿಯ ಪಾಂಡ್ಯರು ಇಲ್ಲಿಂದ ನಾಡನ್ನಾಳುತ್ತಿದ್ದ ಹನ್ನೆರಡನೆಯ ಶತಮಾನದಲ್ಲಿಯೇ ಜಗದ್ದಳ ಸೋಮನಾಥನು ಪೂಜ್ಯಪಾದರ ವೈದ್ಯಗ್ರಂಥವನ್ನು ‘ಕರ್ಣಾಟಕ ಕಲ್ಯಾಣಕಾರಕ’ವೆಂದು ಕನ್ನಡಿಸಿದನು. ಹದಿನಾಲ್ಕನೆಯ ಶತಮಾನದ ಮಂಗರಾಜನು ವಿಷಚಿಕಿತ್ಸೆಯನ್ನು ಕುರಿತು ‘ಖಗೇಂದ್ರಮಣಿದರ್ಪಣ’ವನ್ನು ಬರೆದನು, ದನಗಳ ರೋಗಗಳಿಗೆಂದು ಕೀರ್ತಿವರ್ಮನು ‘ಗೋವೈದ್ಯ’ವನ್ನು ಬರೆದಿದ್ದನು. ಹೊಸಗಾಲದಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶಯ್ಯಂಗಾರ್ಯರೂ 1918ರಲ್ಲಿ ‘ವಿಜ್ಞಾನ’ವೆಂಬ ಮಾಸಪತ್ರಿಕೆಯನ್ನು ಹೊರಡಿಸಿ ಶಾಸ್ತ್ರವಿಷಯಗಳನ್ನು ತಿಳಿಗನ್ನಡದಲ್ಲಿ ಬರೆಯಬಹುದೆಂದು ತೋರಿಸಿಕೊಟ್ಟರು. ವೈದ್ಯೆಯಾಗಿದ್ದ ಅನುಪಮಾ ನಿರಂಜನರ ‘ತಾಯಿ ಮಗು’ ನಮ್ಮ ಮನೆಗಳ ಎಷ್ಟೋ ಬಾಣಂತಿಯರ ತಲೆದಿಂಬಿನ ಬಳಿಯಿತ್ತು. ನಿಮ್ಹಾನ್ಸ್ ಸಂಸ್ಥೆಯಲ್ಲಿದ್ದ ಸಿ. ಆರ್. ಚಂದ್ರಶೇಖರರು ಮನೋರೋಗಗಳನ್ನು ಕುರಿತು ಬರೆದ ಕನ್ನಡ ಪುಸ್ತಕಗಳು ದೆವ್ವ ಬಿಡಿಸುವವರ ಬಾಗಿಲಿಗೆ ಹೋಗುತ್ತಿದ್ದವರನ್ನು ವೈದ್ಯರ ಬಾಗಿಲಿಗೆ ತಿರುಗಿಸಿವೆ. ಇವರೆಲ್ಲ ಹೆಸರಿಟ್ಟು ಬರೆದರು. ತಪ್ಪಿದ್ದರೆ ಕೇಳಲು ಕರ್ತೃವಿದ್ದನು.

ಅಂತರಜಾಲದ ಕಾಲ ಬಂದಾಗ ಈ ಪರಂಪರೆ ಬೆಳೆಯಬೇಕಾಗಿತ್ತು, ಹಾಗಾಗಲಿಲ್ಲ. 2014ರಲ್ಲಿ ಕೇಂದ್ರ ಸರ್ಕಾರವು ಪ್ರಜೆಗಳಿಗೆ ನಂಬತಕ್ಕ ಆರೋಗ್ಯ ಮಾಹಿತಿಯನ್ನು ಒದಗಿಸಲೆಂದು ರಾಷ್ಟ್ರೀಯ ಆರೋಗ್ಯ ಜಾಲತಾಣವನ್ನು ತೆರೆಯಿತು. ಅದು ಹಿಂದಿ, ಇಂಗ್ಲಿಷ್, ತಮಿಳು, ಗುಜರಾತಿ, ಬಂಗಾಳಿ, ಪಂಜಾಬಿ ಎಂಬ ಆರು ಭಾಷೆಗಳಲ್ಲಿತ್ತು. ಕನ್ನಡವಿರಲಿಲ್ಲ. ಇಲ್ಲವೆಂದು ನಾವು ಗಲಾಟೆಯನ್ನೂ ಮಾಡಲಿಲ್ಲ. ನಾಮಫಲಕದಲ್ಲಿ ಕನ್ನಡವಿಲ್ಲದಿದ್ದರೆ ಮಸಿ ಬಳಿಯುವ ನಾವು, ಪ್ರಾಣದ ವಿಷಯದಲ್ಲಿ ಕನ್ನಡವಿಲ್ಲದಿದ್ದಾಗ ಸುಮ್ಮನಿದ್ದೆವು. ವಿಶ್ವ ಆರೋಗ್ಯ ಸಂಸ್ಥೆಯು ರೋಗಗಳನ್ನು ಕುರಿತು ಪ್ರಕಟಿಸುವ ಪತ್ರಿಕೆಗಳು ಅದರ ಆರು ಅಧಿಕೃತ ಭಾಷೆಗಳಲ್ಲಿವೆ. ಆ ಆರರಲ್ಲಿ ಭಾರತದ ನೆಲದ ಭಾಷೆ ಒಂದೂ ಇಲ್ಲ. ಕೇಂದ್ರ ಸರ್ಕಾರದ ‘ವಿಕಾಸಪೀಡಿಯಾ’ ತಾಣದಲ್ಲಿ ಕನ್ನಡದ ಆರೋಗ್ಯ ವಿಭಾಗವಿರುವುದು ಸಂತೋಷದ ಸಂಗತಿ. ನಮ್ಮ ಮನೆಗಳಲ್ಲಿ ಅದರ ಹೆಸರನ್ನು ಕೇಳಿದವರೆಷ್ಟು? ‘ಸಕ್ಕರೆ ಕಾಯಿಲೆ’ ಎಂದು ಕನ್ನಡದಲ್ಲಿ ಬರೆದು ಹುಡುಕಿ ನೋಡಿರಿ. ನಾನು ಹುಡುಕಿದಾಗ ಮೊದಲು ಎದುರಾದುವು ಮನೆಮದ್ದಿನ ದೃಶ್ಯಗಳು, ಮತ್ತು ಪುಡಿ ಮಾರುವವರು.

ಕೇಳತಕ್ಕುದನ್ನು ಸ್ಪಷ್ಟವಾಗಿ ಕೇಳೋಣ. ಬಳ್ಳಾರಿಯಲ್ಲಿಯೂ ದಾವಣಗೆರೆಯಲ್ಲಿಯೂ ವೈದ್ಯ ಕಾಲೇಜುಗಳಿವೆ. ನಮ್ಮ ಜಿಲ್ಲೆಯ ಹಂಪಿಯಲ್ಲಿಯೇ ಕನ್ನಡಕ್ಕೆಂದು ಮೀಸಲಾದ ವಿಶ್ವವಿದ್ಯಾಲಯವು 1991ರಿಂದ ಇದೆ. ಒಬ್ಬರಲ್ಲಿ ವಿಷಯವಿದೆ, ಮತ್ತೊಬ್ಬರಲ್ಲಿ ಭಾಷೆಯಿದೆ. ಇಬ್ಬರೂ ಕುಳಿತು ಸಾಮಾನ್ಯ ರೋಗಗಳೊಂದೊಂದಕ್ಕೂ ಒಂದೊಂದು ಹಾಳೆಯಷ್ಟು ಕನ್ನಡ ಬರಹವನ್ನು ಸಿದ್ಧಪಡಿಸಿ, ಬರೆದ ವೈದ್ಯರ ಹೆಸರನ್ನೂ ಬರೆದ ತಾರೀಖನ್ನೂ ಆಧಾರವನ್ನೂ ಕೆಳಗೆ ಕಾಣಿಸಿ, ಎಲ್ಲರ ಫೋನಿಗೂ ನಿಲುಕುವಂತೆ
ಮಾಡಲು ಏನು ಅಡ್ಡಿ? ಆಸ್ಪತ್ರೆಯಿಂದ ಹೊರಡುವ ರೋಗಿಯ ಕೈಗೆ, ಮನೆಯಲ್ಲಿ ಏನು ಮಾಡಬೇಕು ಏನು ಬಿಡಬಾರದು ಎಂಬ ನಾಲ್ಕು ಸಾಲಾದರೂ ಕನ್ನಡದಲ್ಲಿ ಕೊಡಬೇಕೆಂದು ವಿಧಿಸಲು ಏನು ವೆಚ್ಚ? ಭಾಷೆಯನ್ನು ತಿದ್ದುವ ಕೆಲಸಕ್ಕೆ ನಮ್ಮಂಥ ನಿವೃತ್ತರು ಊರೂರಿಗೆ ಇದ್ದೇವೆ, ಕೂಲಿ ಬೇಡ.

ಅದು ಆಗುವವರೆಗೆ ಮನೆಮನೆಯಲ್ಲಿಯೂ ಆಪ್ತಪರೀಕ್ಷೆ ನಡೆಯಬೇಕು. ಜಿನೀವಾದಲ್ಲಿ 1996ರಲ್ಲಿ ಒಂದು ಸಂಸ್ಥೆಯವರು ಅಂತರಜಾಲದ ಆರೋಗ್ಯಬರಹಗಳಿಗೆ ಎಂಟು ನಿಯಮಗಳನ್ನು ಗೊತ್ತುಪಡಿಸಿ, ಪಾಲಿಸುವ ತಾಣಗಳಿಗೆ ಮುದ್ರೆಯನ್ನು ಕೊಡುತ್ತಿದ್ದರು. ಆ ಸಂಸ್ಥೆ 2022ರಲ್ಲಿ ಮುಚ್ಚಿಹೋಯಿತು. ಮುದ್ರೆ ಹೋದರೂ ಪ್ರಶ್ನೆಗಳು ಹೋಗಿಲ್ಲ. ನೈಯಾಯಿಕರ ಲಕ್ಷಣಕ್ಕೆ ಅವನ್ನು ಹೊಂದಿಸಿದರೆ ನಾಲ್ಕೇ ಪ್ರಶ್ನೆಗಳಾಗುವುವು. ಹೇಳಿದವರಾರು, ಅವರ ಹೆಸರೂ ಅರ್ಹತೆಯೂ ಅಲ್ಲಿವೆಯೆ? ಅವರಿಗೆ ಅದು ಹೇಗೆ ತಿಳಿಯಿತು, ಆಧಾರವನ್ನೂ ಕಾಲವನ್ನೂ ಕಾಣಿಸಿದ್ದಾರೆಯೆ? ಹೇಳಿದ್ದರಿಂದ ಅವರಿಗೇನು ಲಾಭ, ಕೊನೆಗೆ ಏನನ್ನಾದರೂ ಮಾರುತ್ತಾರೆಯೆ? ನಿಮ್ಮನ್ನು ವೈದ್ಯರ ಬಳಿಗೆ ಕಳುಹಿಸುತ್ತಾರೆಯೆ, ಅವರಿಂದ ಬಿಡಿಸುತ್ತಾರೆಯೆ? ನಾಲ್ಕನೆಯದೇ ಎಲ್ಲಕ್ಕಿಂತ ಮುಖ್ಯವು. ನಡೆಯುತ್ತಿರುವ ಔಷಧವನ್ನು ನಿಲ್ಲಿಸಿರೆಂದು ಹೇಳುವ ಸಂದೇಶವು ಸಾಕ್ಷಾತ್ ಧನ್ವಂತರಿಯ ಚಿತ್ರವನ್ನು ಹೊತ್ತು ಬಂದರೂ ಅಲ್ಲಿಯೇ ನಿಲ್ಲಿಸತಕ್ಕದ್ದು.

ಬಲುಕೈ ದಾಟಿಬಂದ ಸಂದೇಶದ ನೆತ್ತಿಯ ಮೇಲೆ ವಾಟ್ಸ್‌ಆ್ಯಪಿನವರು ಎರಡು ಬಾಣಗಳ ಗುರುತನ್ನು ಹಾಕುವರು. ಅದನ್ನು ಕಂಡವರು “ಇಷ್ಟು ಜನರು ಕಳುಹಿಸಿದ್ದಾರೆ, ನಿಜವಿರಬೇಕು” ಎಂದುಕೊಳ್ಳುವರು. ನಿಜವಾಗಿ ಅದರ ಅರ್ಥ, ಇಷ್ಟು ಜನರೂ ಪರೀಕ್ಷಿಸದೆ ದಾಟಿಸಿದ್ದಾರೆಂಬುದು. 2018ರ ಜುಲೈನಲ್ಲಿ ನಮ್ಮದೇ ಬೀದರ ಜಿಲ್ಲೆಯ ಮುರ್ಕಿ ಗ್ರಾಮದಲ್ಲಿ, ಮಕ್ಕಳ ಕಳ್ಳರೆಂಬ ಫೋನಿನ ಸುದ್ದಿಯನ್ನು ನಂಬಿದ ಗುಂಪು ನಿರಪರಾಧಿಯಾದ ಒಬ್ಬ ತರುಣನನ್ನು ಹೊಡೆದು ಕೊಂದಿತು. ಅದೇ ತಿಂಗಳಲ್ಲಿ ವಾಟ್ಸ್‌ಆ್ಯಪಿನವರು ಭಾರತದಲ್ಲಿ ಒಮ್ಮೆಗೆ ಐದು ಕಡೆಗಿಂತ ಹೆಚ್ಚಿಗೆ ದಾಟಿಸದಂತೆ ಮಿತಿಯನ್ನು ತರಲು ತೊಡಗಿದರು. ಕಂಪೆನಿಗೇ ತನ್ನ ಸರಕಿನ ಮೇಲೆ ಹುಟ್ಟಿದ ಅಂಜಿಕೆ ನಮಗೆ ಬೇಡವೆ?

ಈಚೆಗೆ, ಕೇಳಿದ ಪ್ರಶ್ನೆಗೆ ತಾನಾಗಿ ವಾಕ್ಯಗಳನ್ನು ಹೆಣೆದು ಉತ್ತರಿಸುವ ಯಂತ್ರಗಳೂ ಫೋನಿಗೆ ಬಂದಿವೆ. ಅವುಗಳ ಕನ್ನಡ ಎಷ್ಟೋ ಸಲ ನಮ್ಮ ಪತ್ರಿಕೆಗಳ ಕನ್ನಡಕ್ಕಿಂತ ಹಸನಾಗಿದೆ. ಅವು ಸರಿಯಾಗಿ ಹೇಳುವುದೂ ಉಂಟು, ತಪ್ಪನ್ನು ಅಷ್ಟೇ ನಯವಾಗಿ ಹೇಳುವುದೂ ಉಂಟು. ಅದಕ್ಕಾಗಿಯೇ ನನ್ನ ಕಥೆಯನ್ನು ಹೇಳಿದೆ. ಶಬ್ದಶುದ್ಧಿ ಬೇರೆ, ಅರ್ಥಶುದ್ಧಿ ಬೇರೆ. ನಾನು ಶಬ್ದವನ್ನು ಶುದ್ಧಮಾಡಿದೆ. ಓದಿದವಳು ಅರ್ಥವೂ ಶುದ್ಧವಾಯಿತೆಂದು ತಿಳಿದಳು. ಮಾತು ಚೆನ್ನಾಗಿದ್ದಷ್ಟೂ ಪರೀಕ್ಷೆ ಹೆಚ್ಚು ಬೇಕು.

ಅಕ್ಕ ಮನೆಗೆ ಬಂದ ವಾರದಲ್ಲಿ ಅದೇ ಗುಂಪಿನಲ್ಲಿ ನಾನು ಬರೆದೆ: “ಶ್ಲೋಕವನ್ನು ನಾನು ತಿದ್ದಿದ್ದು ನಿಜ. ಅದು ಯಾವ ಗ್ರಂಥದಲ್ಲಿಯೂ ನನಗೆ ದೊರೆಯಲಿಲ್ಲ. ಕಷಾಯದ ವಿಷಯದಲ್ಲಿ ನನಗೆ ಏನೂ ತಿಳಿಯದು. ಯಾರೂ ಗುಳಿಗೆಯನ್ನು ಬಿಡಬಾರದು.” ಮೊದಲ ಸಂದೇಶಕ್ಕೆ ಕೈಮುಗಿದ ಚಿಹ್ನೆಗಳು ಇಪ್ಪತ್ತಕ್ಕೂ ಮೇಲೆ ಬಂದಿದ್ದುವು, ಇದಕ್ಕೆ ಎರಡು ಬಂದುವು. ಮೊದಲನೆಯದು ನಮ್ಮ ಗುಂಪನ್ನು ದಾಟಿ ಯಾವ ಯಾವ ಊರಿಗೆ, ಯಾರ ಯಾರ ಅಕ್ಕಂದಿರ ಮನೆಗೆ ಹೋಗಿದೆಯೋ, ಅದರ ಹಿಂದೆ ನನ್ನ ತಿದ್ದುಪಡಿ ಹೋಗಲಾರದು. ಅದಕ್ಕಾಗಿ ಈ ಲೇಖನ. ತಿದ್ದಿದ ಆ ಶ್ಲೋಕವು ವಾಚಕರಲ್ಲಿ ಯಾರ ಮನೆಗಾದರೂ ಬಂದಿದ್ದರೆ, ಎಂಟೆಂಟು ಅಕ್ಷರಗಳು ಸರಿಯಾಗಿವೆಯೆಂದು ನಂಬಬೇಡಿರಿ; ದಯಮಾಡಿ ಅಳಿಸಿಹಾಕಿರಿ.